ಕಡಲತೀರದ ಹೋರಾಟ: ‘ವಶಕ್ಕೆ ಪಡೆದು ಬಿಡುಗಡೆ’ಯ ಹಿಂದಿನ ಪ್ರಶ್ನೆಗಳು

ಕಾರವಾರ: ಉತ್ತರ ಕನ್ನಡದ ಕರಾವಳಿಯಲ್ಲಿ ಯೋಜನೆಗಳ ವಿರುದ್ಧ ಜನರು ಬೀದಿಗಿಳಿದಾಗಲೆಲ್ಲ ಒಂದು ಸುದ್ದಿ ತಪ್ಪದೆ ಪ್ರಕಟವಾಗುತ್ತದೆ. ಮುಂಜಾಗ್ರತಾ ಕ್ರಮವಾಗಿ ಹೋರಾಟಗಾರರನ್ನು ಪೊಲೀಸರು ವಶಕ್ಕೆ ಪಡೆದು, ಬಳಿಕ ಬಿಡುಗಡೆಗೊಳಿಸಿದರು ಎಂಬುದೇ ಆ ಸುದ್ದಿ. ಯಾವ ಕಲಮಿನ ಅಡಿಯಲ್ಲಿ ವಶಕ್ಕೆ ಪಡೆಯಲಾಯಿತು, ಎಷ್ಟು ಹೊತ್ತು ಎಲ್ಲಿ ಇರಿಸಲಾಗಿತ್ತು, ಮನೆಯವರಿಗೆ ತಿಳಿಸಲಾಯಿತೇ ಎಂಬ ವಿವರಗಳು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಹೋರಾಟಗಾರನ ಹಕ್ಕುಗಳ ಪಾಲನೆಯಾಗಿದೆಯೇ ಎಂಬುದನ್ನು ತಿಳಿಸುವ ವಿವರಗಳೇ ಅವು.

2020ರ ಜನವರಿಯಲ್ಲಿ ಕಾರವಾರದ ವಾಣಿಜ್ಯ ಬಂದರಿನ ವಿಸ್ತರಣಾ ಕಾಮಗಾರಿ ಪೊಲೀಸ್ ಬಂದೋಬಸ್ತಿನಲ್ಲಿ ಆರಂಭವಾದಾಗ ಮೀನುಗಾರರು ಪ್ರತಿಭಟಿಸಿದರು. ಟ್ಯಾಗೋರ್ ಕಡಲತೀರ ಕಳೆದುಹೋಗುತ್ತದೆ ಎಂಬ ಆತಂಕ ಅವರದಾಗಿತ್ತು. 2025ರ ಫೆಬ್ರುವರಿಯಲ್ಲಿ ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ ಉದ್ದೇಶಿತ ಖಾಸಗಿ ಬಂದರಿನ ಸಮೀಕ್ಷೆಯ ವೇಳೆ ನಿಷೇಧಾಜ್ಞೆ ಜಾರಿಯಾಯಿತು. ಪ್ರತಿಭಟನಾಕಾರರನ್ನು ಪೊಲೀಸರು ವಶಕ್ಕೆ ಪಡೆದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲಾಕ್ಕೂ, ಸೀಬರ್ಡ್ ನೌಕಾನೆಲೆಗಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡ ಈ ಕರಾವಳಿಗೂ ಹೋರಾಟ ಹೊಸದಲ್ಲ. ಪೊಲೀಸ್ ವ್ಯಾನ್ ಕೂಡ ಹೊಸದಲ್ಲ.

ಕಾನೂನು ಹೇಳುವುದೇನು?

ಸಂವಿಧಾನದ 22ನೇ ವಿಧಿಯ ಪ್ರಕಾರ ಬಂಧಿತನಿಗೆ ಬಂಧನದ ಕಾರಣ ತಿಳಿಸಬೇಕು, ವಕೀಲರ ನೆರವಿಗೆ ಅವಕಾಶ ನೀಡಬೇಕು ಹಾಗೂ ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬಂಧನ ಪತ್ರ, ಸಾಕ್ಷಿಯ ಸಹಿ ಮತ್ತು ಸಂಬಂಧಿಕರಿಗೆ ಮಾಹಿತಿ ಕಡ್ಡಾಯವೆಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇವನ್ನು ಮುಂದುವರಿಸಿದೆ. ಬಂಧಿತರ ಹೆಸರು, ವಿಳಾಸಗಳನ್ನು ಠಾಣೆಯಲ್ಲಿ ಪ್ರದರ್ಶಿಸಬೇಕೆಂದು ಅದರ 37ನೇ ಕಲಮು ಹೇಳುತ್ತದೆ.

ಈ ರಕ್ಷಣೆಗಳಲ್ಲಿ ಹೆಚ್ಚಿನವು ‘ಬಂಧನ’ ಎಂಬ ಒಂದೇ ಪದವನ್ನು ಅವಲಂಬಿಸಿವೆ. ‘ನಾವು ಬಂಧಿಸಿಲ್ಲ, ವಶಕ್ಕೆ ಪಡೆದಿದ್ದೇವೆ’ ಎಂದಾಕ್ಷಣ ಬಂಧನ ಪತ್ರವೂ ಇಲ್ಲ, ಫಲಕದಲ್ಲಿ ಹೆಸರೂ ಇಲ್ಲ. ಹೊಸ ಸಂಹಿತೆಯ 172ನೇ ಕಲಮು ಈ ಪದ್ಧತಿಗೆ ಕಾನೂನಿನ ಆಧಾರವನ್ನೇ ಒದಗಿಸಿದೆ. ಪೊಲೀಸರ ನಿರ್ದೇಶನ ಪಾಲಿಸದವರನ್ನು ತಡೆದಿರಿಸಿ, ಸಣ್ಣ ಪ್ರಕರಣಗಳಲ್ಲಿ 24 ಗಂಟೆಯೊಳಗೆ ಬಿಟ್ಟುಬಿಡಲು ಅದು ಅವಕಾಶ ನೀಡುತ್ತದೆ. ಆದರೆ ನಿರ್ದೇಶನ ‘ಕಾನೂನುಬದ್ಧ’ವಾಗಿರಬೇಕು ಎಂಬ ಷರತ್ತು ಅದೇ ಕಲಮಿನಲ್ಲಿದೆ ಎಂಬುದು ಗಮನಾರ್ಹ. ಇನ್ನು 170ನೇ ಕಲಮಿನ ಮುಂಜಾಗ್ರತಾ ಬಂಧನಕ್ಕೆ, ಸಂಜ್ಞೇಯ ಅಪರಾಧದ ಸಂಚು ಪೊಲೀಸರಿಗೆ ಗೊತ್ತಾಗಿರಬೇಕು ಮತ್ತು ಬಂಧಿಸದೆ ಅದನ್ನು ತಡೆಯಲು ಸಾಧ್ಯವಿಲ್ಲದಂತಿರಬೇಕು. ಮನವಿ ಪತ್ರ ಹಿಡಿದು ಬರುವುದು ಅಂತಹ ಸಂಚಾಗಲಾರದು.

ಬೆಂಗಳೂರಿನ ಪಾಠ

ನಿರ್ದೇಶನ ಕಾನೂನುಬದ್ಧವೇ ಎಂಬ ಪ್ರಶ್ನೆಯಲ್ಲಿ ನಿಷೇಧಾಜ್ಞೆಯ ಪಾತ್ರ ದೊಡ್ಡದು. ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆಗೆ ಮುನ್ನ, 2019ರ ಡಿಸೆಂಬರ್ 18ರಂದು ಬೆಂಗಳೂರು ಪೊಲೀಸ್ ಆಯುಕ್ತರು ಅಂದಿನ 144ನೇ ಕಲಮಿನ ಅಡಿಯಲ್ಲಿ ಆಜ್ಞೆ ಹೊರಡಿಸಿದ್ದರು. ಮರುದಿನ ಪುರಭವನದ ಬಳಿ ಇತಿಹಾಸಕಾರ ರಾಮಚಂದ್ರ ಗುಹಾ ಸೇರಿದಂತೆ ಅನೇಕರನ್ನು ಪೊಲೀಸರು ವಶಕ್ಕೆ ಪಡೆದರು. ಆಜ್ಞೆಯ ಅವಧಿ ಡಿಸೆಂಬರ್ 21ಕ್ಕೆ ಮುಗಿಯಿತು. ಆದರೂ ಹೈಕೋರ್ಟ್ ವಿಚಾರಣೆ ಕೈಬಿಡಲಿಲ್ಲ. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ನೇತೃತ್ವದ ಪೀಠ 2020ರ ಫೆಬ್ರುವರಿ 13ರಂದು ಆ ಆಜ್ಞೆ ಕಾನೂನುಬಾಹಿರವೆಂದು ತೀರ್ಪಿತ್ತಿತು. ಅಂದರೆ ಪ್ರತಿಭಟನಾಕಾರರು ಉಲ್ಲಂಘಿಸಿದರೆನ್ನಲಾದ ಆಜ್ಞೆಯೇ ಊರ್ಜಿತವಾಗಿರಲಿಲ್ಲ.

ಕರಾವಳಿಯಲ್ಲಿ ಇಂತಹ ಪರಿಶೀಲನೆ ವಿರಳ. ಕೆಲವೇ ಗಂಟೆಗಳಲ್ಲಿ ಬಿಡುಗಡೆಯಾದವರ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿ ನಿಲ್ಲುವುದಿಲ್ಲ. ಉತ್ತರ ಕನ್ನಡದವರು ಹೈಕೋರ್ಟಿಗಾಗಿ ಘಟ್ಟ ಹತ್ತಿ ಧಾರವಾಡ ಪೀಠಕ್ಕೆ ಹೋಗಬೇಕು. ದಿನಗೂಲಿ ಬಿಟ್ಟು, ದೋಣಿ ದಡದಲ್ಲಿರಿಸಿ ಅಷ್ಟು ದೂರ ಹೋಗುವವರು ಕಡಿಮೆ. ಹೋದವರಿಗೆ ನ್ಯಾಯ ದೊರೆತ ನಿದರ್ಶನವೂ ಇದೆ. ಬೆಳಗಾವಿ ಜಿಲ್ಲೆಯ ಕಾನೂನು ವಿದ್ಯಾರ್ಥಿಯೊಬ್ಬರಿಗೆ ಸಕಾರಣವಿಲ್ಲದೆ ಕೈಕೋಳ ತೊಡಿಸಿದ್ದಕ್ಕಾಗಿ 2 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಹೈಕೋರ್ಟ್ 2022ರ ಜೂನ್‌ನಲ್ಲಿ ಆದೇಶಿಸಿತ್ತು.

ಒಂಬತ್ತು ವರ್ಷದ ಬೆಲೆ

ವಶಕ್ಕೆ ಪಡೆದ ಎಲ್ಲರೂ ಸಂಜೆಗೆ ಮನೆ ಸೇರುತ್ತಾರೆಂದೂ ಹೇಳಲಾಗದು. ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಯಾಗಿದ್ದಾಗ, 2012ರ ಮಾರ್ಚ್‌ನಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ತಂದೆಯೊಂದಿಗೆ ಬಂಧಿತರಾದರು. ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕಾ ತುಣುಕುಗಳು, ಊರಿಗೆ ಮೂಲಸೌಕರ್ಯ ಸಿಗುವವರೆಗೆ ಚುನಾವಣೆ ಬಹಿಷ್ಕರಿಸಬೇಕೆಂಬ ಪತ್ರ ಅಲ್ಲಿ ಸಾಕ್ಷ್ಯಗಳಾಗಿದ್ದವು. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ಖುಲಾಸೆಗೊಳಿಸಿತು. ಅಷ್ಟರಲ್ಲಿ ಒಂಬತ್ತು ವರ್ಷಗಳು ಸಂದಿದ್ದವು.

ಅರ್ಥವಾಗುವ ಭಾಷೆ

ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ನೀಡಬೇಕೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಳಿ ನದಿಯಾಚೆಯ ಚಿತ್ತಾಕುಲ, ಸದಾಶಿವಗಡ, ಮಾಜಾಳಿಯಂತಹ ಊರುಗಳಿಗೆ ಈ ತೀರ್ಪಿನ ಮಹತ್ವ ಹೆಚ್ಚು. ಗೋವಾ ಗಡಿಗೆ ಅಂಟಿಕೊಂಡ ಇಲ್ಲಿನ ಮನೆಮಾತು ಬಹುಪಾಲು ಕೊಂಕಣಿ. ಠಾಣೆಯ ಕಾಗದಪತ್ರ ಕನ್ನಡ. ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಕಾರಣ ತಿಳಿಸಿದಂತಾಗುವುದಿಲ್ಲ.

ಜನಸಂದಣಿ ಹೆಚ್ಚಿದಾಗ, ಜೀವಕ್ಕೆ ಅಪಾಯ ಎದುರಾದಾಗ ಜನರನ್ನು ಸ್ಥಳದಿಂದ ಕದಲಿಸುವ ಹೊಣೆ ಪೊಲೀಸರ ಮೇಲಿದೆ. ಅದನ್ನು ಅಲ್ಲಗಳೆಯಲಾಗದು. ಆದರೆ ದಾಖಲೆ ಬರೆದಿಡುವುದರಿಂದ ಆ ಕರ್ತವ್ಯಕ್ಕೆ ಅಡ್ಡಿಯೇನೂ ಆಗುವುದಿಲ್ಲ. ವಶಕ್ಕೆ ಪಡೆದ ಸಮಯ, ಕಲಮು, ಆದೇಶಿಸಿದ ಅಧಿಕಾರಿ, ಬಿಡುಗಡೆಯ ಸಮಯ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಟ್ಟರೆ ಸಾಕು. ಠಾಣೆಗಳ ಸಿಸಿಟಿವಿ ದೃಶ್ಯಗಳನ್ನು ಕಾಪಿಡಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲೇ ಆದೇಶಿಸಿದೆ. ಕ್ರಮ ಸರಿಯಾಗಿದ್ದರೆ ಚೀಟಿಯೂ ದೃಶ್ಯವೂ ಮೊದಲು ನೆರವಾಗುವುದು ಪೊಲೀಸರಿಗೇ. ಕೇಣಿಯ ವಿವಾದ ಒಂದು ಸಮೀಕ್ಷೆಯೊಂದಿಗೆ ಮುಗಿಯುವಂಥದ್ದಲ್ಲ. ಮತ್ತೊಮ್ಮೆ ಪೊಲೀಸ್ ವ್ಯಾನ್ ಕಡಲತೀರಕ್ಕೆ ಬರುವ ಮುನ್ನವೇ ಜಿಲ್ಲಾಡಳಿತ ಈ ಪದ್ಧತಿಯನ್ನು ಆರಂಭಿಸಬೇಕಿದೆ.