ಲ್ಯಾಬು ಇದ್ದಲ್ಲಿಗೇ ಲ್ಯಾಬಿನ ದುಡ್ಡು

ಪಿಎಚ್‌ಡಿ ಮುಗಿಸಿ ದೊಡ್ಡ ಪ್ರೊಫೆಸರರ ಕೈಕೆಳಗೆ ವರ್ಷಗಟ್ಟಲೆ ದುಡಿದ ಆರೋಗ್ಯ ಸಂಶೋಧಕರು ಸ್ವಂತ ಲ್ಯಾಬು ಕಟ್ಟಿ ಸ್ವತಂತ್ರರಾಗಲಿ ಅಂತ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಿಂದ ಫೆಲೋಶಿಪ್ ಕೊಡುತ್ತಿವೆ. 2025ರ ಅಕ್ಟೋಬರಿನಲ್ಲಿ ಮೂರನೇ ಹಂತಕ್ಕೆ 1500 ಕೋಟಿ ಮಂಜೂರಾಯಿತು. ಅದರಲ್ಲಿ 1000 ಕೋಟಿ ನಮ್ಮ ತೆರಿಗೆ ದುಡ್ಡು. ಕೊಡಲಿ, ಬೇಡ ಅನ್ನೋರು ನಾವಲ್ಲ.

ಆದರೆ ಅರ್ಜಿ ಹಾಕಬೇಕಾದರೆ ಜಾಗ ಕೊಟ್ಟು ಇಟ್ಟುಕೊಳ್ಳುವ ಸಂಸ್ಥೆಯೊಂದು ಬೆನ್ನಿಗಿರಬೇಕು. ಕಾರವಾರದ ಮೆಡಿಕಲ್ ಕಾಲೇಜಿಗೆ ಹುಡುಗರು ಬಂದದ್ದೇ 2016ರಲ್ಲಿ. ತಲೆಗೆ ಪೆಟ್ಟು ಬಿದ್ದವರನ್ನು ಮಣಿಪಾಲಕ್ಕೋ ಗೋವಾಕ್ಕೋ ಹೊತ್ತೊಯ್ಯುವ ಜಿಲ್ಲೆ ಇದು.

ಮಂಗನ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ಹಳೇ ಲಸಿಕೆ ಫಲ ಕೊಡದೆ ನಿಂತೇ ಹೋಯಿತು. ಸಿದ್ದಾಪುರದ ಕಾಡಂಚಲ್ಲಿ ಉಣ್ಣಿ ಕಚ್ಚೋದು ಸೌದೆಗೆ, ದರಕಿಗೆ ಹೋದ ಹೆಂಗಸಿಗೆ. ಆಕೆಯ ರಕ್ತ ಲ್ಯಾಬು ಸೇರುತ್ತದೆ, ಆಕೆಯ ಮಗಳು ಸೇರುವುದಿಲ್ಲ. ಸೇರಿದರೂ, ಮನೆಗೆ ದುಡ್ಡು ಕಳಿಸಬೇಕಾದವಳು ಕಾಯಂ ಕೆಲಸಕ್ಕೆ ಎಷ್ಟು ವರ್ಷ ಕಾದಾಳು? ಅಪ್ಪನ ಪಿಂಚಣಿ ಇದ್ದವರ ಮಾತು ಬೇರೆ ಬಿಡಿ.

ಅಂಕೋಲೆಯ ಅಗೇರ, ಮುಕ್ರಿ, ಹಾಲಕ್ಕಿ ಕೇರಿಗಳಿಂದ ಎಷ್ಟು ಜನ ಈ ಫೆಲೋಶಿಪ್ ಪಡೆದರು ಸ್ವಾಮಿ? ಹೆಸರು ಬೇಡ, ಜಾತಿವಾರು ಲೆಕ್ಕ ಕೊಡಿ. ಮೆರಿಟ್ಟು ಅಂತ ಬಾಯಿ ತೆರೆಯುವ ಮೊದಲು ಅರ್ಜಿ ಹಾಕಿದವರ ಲೆಕ್ಕವನ್ನೂ ಕೊಡಿ. ಆ ಸಾವಿರ ಕೋಟಿಯಲ್ಲಿ ಒಂದು ಪಾಲು ಜಿಲ್ಲೆಗಳ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಲ್ಯಾಬು ಕಟ್ಟಲು ಇಡಿ. ಕಾರವಾರದಿಂದಲೇ ಶುರುವಾಗಲಿ.