ಅಪ್ಪ-ಅವ್ವ ಬಂದರೆ ಎಲ್ಲಿ ಮಲಗುತ್ತಾರೆ?

ಪುಣೆಯ ಹಿಂಜವಡಿ, ವಾಕಡ್, ಬಾಣೇರ್ ಕಡೆ ಯಾವ ಕನ್ನಡಿಗರ ಗುಂಪಿಗೆ ಹೋದರೂ ಮಾತು ಕೊನೆಗೆ ಹೊಸ ಫ್ಲಾಟಿಗೆ ಬಂದು ನಿಲ್ಲುತ್ತದೆ. ಯಾವ ಬ್ಯಾಂಕಿನ ಬಡ್ಡಿ ಕಡಿಮೆ, ಪೊಸೆಷನ್ ಯಾವಾಗ, ಇಂಟೀರಿಯರ್‌ನವರು ಎಷ್ಟು ಲಕ್ಷ ಹೇಳಿದರು. ಗೃಹಸಾಲದ ಕಂತನ್ನು ಎಕ್ಸೆಲ್‌ನಲ್ಲಿ ಹತ್ತು ಬಗೆಯಲ್ಲಿ ಹಾಕಿ ನೋಡುವ ನಮ್ಮವರು, ಆ ಮನೆಯೊಳಗೆ ಮಂಚ ಎಲ್ಲಿ ಕೂರುತ್ತದೆ, ಕಪಾಟಿನ ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂಬುದನ್ನು ಮಾತ್ರ ಮಾರುವವನ ಮಾತಿಗೆ ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯ ಇಷ್ಟು: ಪೀಠೋಪಕರಣಗಳ ನಕ್ಷೆ ಕೈಯಲ್ಲಿಲ್ಲದೆ ಇಂಟೀರಿಯರ್‌ಗೆ ಮುಂಗಡ ಕೊಡಬಾರದು. ಸಾಧ್ಯವಿದ್ದರೆ ಮನೆಗೂ ಕೊಡಬಾರದು.

ಮೊದಲು ಚದರ ಅಡಿಯ ವಿಚಾರ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಎಂದರೇನು ಎಂಬುದನ್ನು ಸ್ಪಷ್ಟವಾಗಿ ಹೇಳಿದೆ. ಹೊರಗೋಡೆ, ಪೈಪುಗಳ ಶಾಫ್ಟು, ಬಾಲ್ಕನಿ, ತೆರೆದ ಟೆರೇಸು ಅದರಲ್ಲಿ ಸೇರುವುದಿಲ್ಲ. ಆದರೆ ಕೋಣೆಗಳ ನಡುವಿನ ಒಳಗೋಡೆಗಳು ನಿಂತ ಜಾಗ ಸೇರುತ್ತದೆ. ಅಂದರೆ ಕಾರ್ಪೆಟ್ ಏರಿಯಾ 700 ಚದರ ಅಡಿ ಎಂದು ಬರೆದಿದ್ದರೂ ಕಾರ್ಪೆಟ್ ಹಾಸಲು ಅಷ್ಟು ಸಿಗುವುದಿಲ್ಲ. ಅದರಲ್ಲಿ ಬಾಗಿಲುಗಳು ತಿರುಗುವ ಜಾಗ, ಹಾಲ್‌ನಿಂದ ಕೋಣೆಗೆ ಹೋಗುವ ಓಣಿ, ಬಚ್ಚಲು ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ನಿಮ್ಮ ಸಾಮಾನಿನ ಪಾಲು. ಹಳೆಯ ಫ್ಲಾಟುಗಳ ಮರುಮಾರಾಟದಲ್ಲಂತೂ ಬಿಲ್ಟ್‌ಅಪ್, ಸೂಪರ್ ಬಿಲ್ಟ್‌ಅಪ್ ಭಾಷೆ ಇನ್ನೂ ಹೋಗಿಲ್ಲ.

ಸ್ಯಾಂಪಲ್ ಫ್ಲಾಟ್ ನೋಡಿ ಮನಸ್ಸು ಮಾಡುವವರು ಒಂದು ಕೆಲಸ ಮಾಡಲಿ. ಅಲ್ಲಿರುವ ಮಂಚವನ್ನು ಅಳೆಯಲಿ. ಕೆಲವು ಕಡೆ ಮಂಚ ಮಾಮೂಲಿಗಿಂತ ಅರ್ಧ ಅಡಿ ಗಿಡ್ಡ ಇರುತ್ತದೆ, ಕಪಾಟಿನ ಆಳ ಕಡಿಮೆ ಇರುತ್ತದೆ, ಒಳಕೋಣೆಗಳಿಗೆ ಬಾಗಿಲನ್ನೇ ಕೂರಿಸಿರುವುದಿಲ್ಲ. ಟೇಪು ಹಿಡಿದರೆ ಮಾರುವವರ ಮುಖ ಸ್ವಲ್ಪ ಬದಲಾಗುತ್ತದೆ. ಆಗಲಿ ಬಿಡಿ, ಇಪ್ಪತ್ತು ವರ್ಷ ಕಂತು ಕಟ್ಟುವವರು ನಾವು.

ಈಗ ಒಂದು ಕೋಣೆಯ ಲೆಕ್ಕ. ಇಲ್ಲಿನ 2 ಬಿಎಚ್‌ಕೆಗಳಲ್ಲಿ ಮಲಗುವ ಕೋಣೆ 10 ಅಡಿಗೆ 11 ಅಡಿ ಇರುವುದು ಸಾಮಾನ್ಯ. ಕಿಂಗ್ ಸೈಜ್ ಹಾಸಿಗೆ 78 ಇಂಚು ಉದ್ದ, 72 ಇಂಚು ಅಗಲ, ಅಂದರೆ ಆರೂವರೆ ಅಡಿಗೆ ಆರು ಅಡಿ. ಬಟ್ಟೆಯ ಹ್ಯಾಂಗರ್ ಅಡ್ಡಲಾಗಿ ಹಿಡಿಯಬೇಕಾದರೆ ಕಪಾಟಿಗೆ 2 ಅಡಿ ಆಳ ಬೇಕು. ಮಂಚದ ತಲೆಯನ್ನು ಒಂದು ಗೋಡೆಗೂ ಕಪಾಟನ್ನು ಎದುರಿನ ಗೋಡೆಗೂ ಇಟ್ಟರೆ ಎಂಟೂವರೆ ಅಡಿ ಅಲ್ಲಿಗೇ ಮುಗಿಯಿತು. ಅದು 10 ಅಡಿಯ ಕಡೆಯಾದರೆ ಕಾಲ ಬಳಿ ಉಳಿಯುವುದು ಒಂದೂವರೆ ಅಡಿ. ಮಂಚಕ್ಕೆ ದಪ್ಪ ಹೆಡ್‌ಬೋರ್ಡ್ ಇದ್ದರೆ ಅದೂ ಇಲ್ಲ. ಒಂದೂವರೆ ಅಡಿ ಅಗಲದ ಬಾಗಿಲನ್ನು ತೆರೆದು ನೀವು ಎಲ್ಲಿ ನಿಲ್ಲುತ್ತೀರಿ? 11 ಅಡಿಯ ಕಡೆ ತಿರುಗಿಸಿದರೆ ಎರಡೂವರೆ ಅಡಿ ಸಿಗುತ್ತದೆ, ಬದುಕಬಹುದು. ಆದರೆ ಆ ಗೋಡೆಯಲ್ಲಿ ಕಿಟಕಿ ಇದೆಯೋ, ಎಸಿಯ ಪಾಯಿಂಟ್ ಇದೆಯೋ ನೋಡಬೇಕು. ಇಷ್ಟನ್ನು ಕಾಗದದ ಮೇಲೆ ಮಾಡಲು ಹತ್ತು ನಿಮಿಷ ಸಾಕು. ಒಂದು ಅಡಿಗೆ ಒಂದು ಸೆಂಟಿಮೀಟರ್ ಹಿಡಿದು ಕೋಣೆ ಬರೆದುಕೊಂಡು, ಮಂಚ, ಕಪಾಟು, ಟೇಬಲ್‌ಗಳನ್ನು ರಟ್ಟಿನಲ್ಲಿ ಕತ್ತರಿಸಿ ಜರುಗಿಸಿ ನೋಡಿದರಾಯಿತು. ಕೀಲಿಕೈ ಸಿಕ್ಕ ಮೇಲೆ ಹಳೆಯ ಪೇಪರುಗಳನ್ನು ಜೋಡಿಸಿ ಮಂಚದ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸಿ, ಅದರ ಸುತ್ತ ಓಡಾಡಿ ನೋಡುವುದು ಇನ್ನೂ ಒಳ್ಳೆಯದು. (ಇ-ಪೇಪರ್ ಓದುವ ನಮಗೆ ಹಳೆಯ ಪೇಪರ್ ಎಲ್ಲಿಂದ ಬರಬೇಕು ಎನ್ನಬೇಡಿ. ಪಕ್ಕದ ಮನೆಯಲ್ಲಿ ಮರಾಠಿ ಪೇಪರ್ ಇರುತ್ತದೆ.)

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಈ ತಲೆನೋವು ಇರಲಿಲ್ಲ. ಕಾರಣ ಮನೆ ದೊಡ್ಡದಿತ್ತು ಎಂಬುದಷ್ಟೇ ಅಲ್ಲ. ಪಡಸಾಲೆಯಲ್ಲಿ ಹಗಲು ಬಂದವರು ಕೂರುತ್ತಿದ್ದರು, ಮಧ್ಯಾಹ್ನ ಅಲ್ಲೇ ಊಟದ ಸಾಲು, ರಾತ್ರಿ ಅಲ್ಲೇ ಹಾಸಿಗೆ. ಬೆಳಿಗ್ಗೆ ಹಾಸಿಗೆ ಸುತ್ತಿ ಮೂಲೆಗಿಟ್ಟರೆ ಜಾಗ ಮತ್ತೆ ಖಾಲಿ. ಕಿಂಗ್ ಸೈಜ್ ಮಂಚ ಹಾಗಲ್ಲ, ಅದು 39 ಚದರ ಅಡಿಯನ್ನು ದಿನದ 24 ಗಂಟೆಯೂ ಹಿಡಿದುಕೊಂಡು ಕೂತಿರುತ್ತದೆ. ಚದರ ಅಡಿಗೆ 8,000 ರೂಪಾಯಿ ಎಂದಿಟ್ಟುಕೊಳ್ಳಿ, ಮಂಚದ ಕೆಳಗಿನ ನೆಲಕ್ಕೇ 3,12,000 ರೂಪಾಯಿ ಆಯಿತು. ಕ್ವೀನ್ ಸೈಜ್ ತೆಗೆದುಕೊಂಡರೆ ಅಗಲದಲ್ಲಿ ಒಂದು ಅಡಿ ಉಳಿಯುತ್ತದೆ. ಆ ಒಂದು ಅಡಿಯಿಂದ ಒಬ್ಬರು ಅಡ್ಡ ತಿರುಗದೆ ನಡೆಯಬಹುದು.

ನನಗೆ ನಿಜವಾಗಿ ಚುಚ್ಚುವ ವಿಷಯ ಬೇರೆ. ನಮ್ಮ ಮನೆಗಳನ್ನು ನಾವು ಯಾರಿಗಾಗಿ ಜೋಡಿಸುತ್ತೇವೆ? ಇಂಟೀರಿಯರ್‌ನವರ 3ಡಿ ಚಿತ್ರದಲ್ಲಿ ಸೋಫಾ ಇರುತ್ತದೆ, ಟಿವಿ ಯೂನಿಟ್ ಇರುತ್ತದೆ, ಫಾಲ್ಸ್ ಸೀಲಿಂಗಿನಲ್ಲಿ ಬಣ್ಣದ ದೀಪ ಇರುತ್ತದೆ. ಊರಿಂದ ಬಂದ ಅಪ್ಪ-ಅವ್ವ ಆ ಚಿತ್ರದಲ್ಲಿ ಇರುವುದಿಲ್ಲ. ಎರಡನೇ ಕೋಣೆ ಮಗುವಿನದಾಗುತ್ತದೆ ಅಥವಾ ವರ್ಕ್ ಫ್ರಂ ಹೋಮ್ ಕಚೇರಿಯಾಗುತ್ತದೆ. ಹಿರಿಯರು ಹಾಲ್‌ನ ಸೋಫಾ ಕಮ್ ಬೆಡ್‌ಗೆ ಬರುತ್ತಾರೆ. ಮಗ ರಾತ್ರಿ ಹನ್ನೊಂದಕ್ಕೆ ಅಮೆರಿಕದ ಕಾಲ್ ಮುಗಿಸಿ ಟಿವಿ ಹಾಕುವವರೆಗೆ ಅವರು ಕಾದು ಕೂರಬೇಕು. ನಸುಕಿನಲ್ಲಿ ಐದಕ್ಕೆ ಎಚ್ಚರವಾದರೆ ಸದ್ದು ಮಾಡದೆ ಬಿದ್ದುಕೊಂಡಿರಬೇಕು. ಎಂಟು ದಿನಕ್ಕೆ “ಊರಾಗ ಕೆಲಸ ಐತಿ” ಎಂದು ಬಸ್ಸು ಹತ್ತುತ್ತಾರೆ. ಆ ಕೆಲಸ ಎಷ್ಟು ಕೆಲಸ ಎಂಬುದು ನಮಗೂ ಗೊತ್ತು, ಅವರಿಗೂ ಗೊತ್ತು. ನಾವು ಅದಕ್ಕೆ ಪೇಟೆಯ ಬೇಸರ, ಭಾಷೆಯ ತೊಂದರೆ ಎಂದು ಕಾರಣ ಕೊಡುತ್ತೇವೆ. ಅವೂ ಇವೆ. ಆದರೆ ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಒಂದು ಗಂಟೆ ಅಡ್ಡಾಗಲು ಜಾಗವಿಲ್ಲದ ಮನೆಯಲ್ಲಿ ಯಾರಿದ್ದಾರು?

ಇದಕ್ಕೆ ಮೂರನೇ ಕೋಣೆಯೇ ಬೇಕೆಂದಿಲ್ಲ. ಕಚೇರಿಯ ಕೋಣೆಯಲ್ಲಿ ಗೋಡೆಗೆ ಒತ್ತಿ ಎರಡೂವರೆ ಅಡಿಗೆ ಆರು ಅಡಿಯ ಎರಡು ದಿವಾನ್ ಹಾಕಿದರೆ, ಹಗಲು ಕೂರಲು, ರಾತ್ರಿ ಮಲಗಲು ಆಗುತ್ತದೆ. ನಿಮ್ಮ ಲ್ಯಾಪ್‌ಟಾಪ್ ಟೇಬಲನ್ನು ಅವರಿದ್ದಷ್ಟು ದಿನ ನಿಮ್ಮ ಕೋಣೆಗೆ ಒಯ್ಯುವಂತಿರಲಿ; ಅದಕ್ಕೆ ಜಾಗವನ್ನೂ ಸ್ವಿಚ್ ಬೋರ್ಡನ್ನೂ ಈಗಲೇ ಗುರುತಿಸಿಡಿ. ಎತ್ತರದ ವಿಚಾರ ಯಾರೂ ಕೇಳುವುದಿಲ್ಲ. ಈಗ ಫ್ಯಾಶನ್ ಆಗಿರುವ ನೆಲಕ್ಕಂಟಿದ ಮಂಚದಿಂದ ಮೊಣಕಾಲು ನೋವಿರುವವರು ಏಳಲಾರರು. ಹಾಸಿಗೆ ಸೇರಿ 18 ಇಂಚಿನ ಆಸುಪಾಸು ಇರಬೇಕು, ಕೂತಾಗ ಪಾದ ನೆಲಕ್ಕೆ ಊರಬೇಕು. ಹೈಡ್ರಾಲಿಕ್ ಮಂಚದ ಕೆಳಗೆ ಅವರ ಹೊದಿಕೆ ಇಟ್ಟು “ಅಲ್ಲೇ ಐತಿ, ತಗೊಳ್ರಿ” ಎನ್ನುವುದು ಸಹಾಯವಲ್ಲ; ಆ ಹಾಸಿಗೆಯನ್ನು ಎತ್ತುವವರು ಯಾರು? ಮಲಗಿದಲ್ಲಿಂದ ಕೈಗೆಟಕುವ ಒಂದು ಸ್ವಿಚ್, ಬಚ್ಚಲಿನವರೆಗೆ ಎರಡು ಅಡಿ ಅಗಲದ ಅಡೆತಡೆಯಿಲ್ಲದ ದಾರಿ, ಕೈ ಊರಿ ಏಳಲು ಹಿಡಿಕೆಯಿರುವ ಒಂದು ಕುರ್ಚಿ. ಬಣ್ಣದ ದೀಪಗಳ ಮೊತ್ತದಲ್ಲಿ ಇದೆಲ್ಲ ಆಗಿ ಹಣ ಮಿಗುತ್ತದೆ.

ಅಡುಗೆಮನೆಯ ಕಟ್ಟೆಯೂ ಹೀಗೇ. ಸಿದ್ಧ ಮಾಡ್ಯುಲರ್ ಕಿಚನ್‌ಗಳ ಎತ್ತರ 34 ಇಂಚಿನ ಹತ್ತಿರ ಇರುತ್ತದೆ, ಅದರ ಮೇಲೆ ಒಲೆ ಇಟ್ಟಾಗ ಹಂಚು ಇನ್ನೂ ನಾಲ್ಕೈದು ಇಂಚು ಮೇಲೆ ಹೋಗುತ್ತದೆ. ಐದಡಿಯೂ ಇಲ್ಲದ ಅವ್ವ ಅಲ್ಲಿ ರೊಟ್ಟಿ ಬಡಿಯಬೇಕಾದರೆ ಭುಜ ಎತ್ತಿ ಬಡಿಯಬೇಕು. ನಿತ್ಯ ಅಡುಗೆ ಮಾಡುವವರ ಮೊಣಕೈಯಿಂದ ನಾಲ್ಕು ಇಂಚು ಕೆಳಗೆ ಕಟ್ಟೆ ಬರಲಿ. ರೊಟ್ಟಿ ಬಡಿಯಲು ಬೇರೆ ಒಂದು ತಗ್ಗಿನ ಜಾಗ ಇದ್ದರೆ ಚೆಂದ. ದೇವರ ಜಗಲಿಯನ್ನು ಪ್ಲೈವುಡ್ ಗೂಡಿನೊಳಗೆ ಮಾಡಿಸುವವರು ದೀಪದ ಉರಿಗೂ ಮೇಲಿನ ಹಲಗೆಗೂ ಎಷ್ಟು ಅಂತರ ಎಂದು ಕೇಳಿಕೊಳ್ಳಲಿ. ದಿಕ್ಕು ನೋಡುವಷ್ಟೇ ಇದೂ ಮುಖ್ಯ.

ಉಳಿದವು ಸಣ್ಣವು, ಆದರೆ ಕಾಡುವಂಥವು. ಲಿಫ್ಟಿನ ಬಾಗಿಲು, ಒಳಗಿನ ಆಳ, ಮೆಟ್ಟಿಲ ತಿರುವು ಅಳೆಯದೆ ಮೂರು ಸೀಟಿನ ಸೋಫಾ ಕೊಳ್ಳಬೇಡಿ. ಊರಿನ ಸಾಗವಾನಿ ಮಂಚ ತರುವ ಆಸೆ ಇದ್ದರೆ ಅದು ಬಿಚ್ಚಿ ಜೋಡಿಸುವಂಥದ್ದೇ ಎಂದು ಮೊದಲು ನೋಡಿ. ವಾಷಿಂಗ್ ಮೆಷಿನ್ ಪುಣೆಯ ಡ್ರೈ ಬಾಲ್ಕನಿಯಲ್ಲೇ ನಿಲ್ಲಬೇಕು, ಅದರ ಬಾಗಿಲು ಅಲ್ಲಿ ತೆರೆಯಬೇಕು, ಮಳೆಯ ಎರಚಲು ಅಲ್ಲಿಗೆ ಬರಬಾರದು. ಗೀಸರ್, ಎಸಿ, ಮೈಕ್ರೋವೇವ್‌ಗೆ 16 ಆಂಪಿಯರ್ ಪಾಯಿಂಟ್ ಎಲ್ಲೆಲ್ಲಿ ಎಂಬುದನ್ನು ಬಣ್ಣ ಹೊಡೆಯುವ ಮುನ್ನ ನಿರ್ಧರಿಸಬೇಕು. ಸಾಮಾನು ಎಲ್ಲಿ ಎಂದು ಗೊತ್ತಿಲ್ಲದೆ ಪಾಯಿಂಟ್ ಎಲ್ಲಿ ಎಂದು ಹೇಳುವುದು ಹೇಗೆ? ನೀರು ತಾಗುವ ಕಡೆಗೆ ಐಎಸ್ 710 ಗುರುತಿನ ಪ್ಲೈ ಕೇಳಿ, ಹಾಳೆಯ ಮೇಲಿನ ಮುದ್ರೆಯನ್ನು ಕತ್ತರಿಸುವ ಮೊದಲೇ ನೋಡಿ. ಮುಂಬೈ, ಚೆನ್ನೈನ ತೇವದಲ್ಲಿರುವವರಿಗೆ ಇದನ್ನು ಹೇಳಬೇಕಾಗಿಲ್ಲ.

ಬಾಡಿಗೆ ಮನೆಯವರಿಗೆ ಒಂದು ಮಾತು. 11 ತಿಂಗಳ ಕರಾರಿನ ಮನೆಗೆ ಅಳತೆ ಹಿಡಿದು ಕಪಾಟು ಮಾಡಿಸುವುದು ವ್ಯರ್ಥ. ಪಾರ್ಟಿಕಲ್ ಬೋರ್ಡಿನ ಸಾಮಾನು ಮೊದಲ ಸಲ ಜೋಡಿಸಿದಾಗ ಗಟ್ಟಿ ನಿಲ್ಲುತ್ತದೆ. ಒಮ್ಮೆ ಬಿಚ್ಚಿ ಹೈದರಾಬಾದಿಗೆ ಒಯ್ದು ಮತ್ತೆ ಜೋಡಿಸಿದರೆ ಸ್ಕ್ರೂ ಹಿಡಿತ ಸಡಿಲವಾಗುತ್ತದೆ, ಮೂರನೇ ಊರಿಗೆ ಅದು ಬರುವುದಿಲ್ಲ. ಕಬ್ಬಿಣದ ಅಲ್ಮೇರಾ, ಮಡಚುವ ಊಟದ ಟೇಬಲ್, ಎರಡು ಬಿಡಿ ಮಂಚಗಳು ಯಾವ ಊರಿನ ಯಾವ ಕೋಣೆಗೂ ಹೊಂದುತ್ತವೆ. ಬಿಡಿ ಮಂಚಗಳನ್ನು ಕೂಡಿಸಿದರೆ ದೊಡ್ಡ ಮಂಚ. ಊರಿಂದ ಅಪ್ಪ-ಅವ್ವ ಬಂದ ದಿನ ಬೇರೆ ಮಾಡಿ ಒಂದನ್ನು ಆ ಕೋಣೆಗೆ ಎಳೆದು ಹಾಕಬಹುದು. ಕೊಳ್ಳುವ ಮೊದಲು ಊರಿಗೆ ಒಂದು ಫೋನ್ ಮಾಡಿ, ಅವರು ಈಗ ಮಲಗುವ ಮಂಚ ನೆಲದಿಂದ ಎಷ್ಟು ಇಂಚು ಎತ್ತರವಿದೆ ಎಂದು ಅಳೆಸಿ ತಿಳಿದುಕೊಳ್ಳಿ.