ಬಂದರು ಯಾರದ್ದು, ನೋಟು ಯಾರದ್ದು?

1945ರ ಆಗಸ್ಟ್‌ನಲ್ಲಿ ಜಪಾನ್ ಸೋತಾಗ ಹಾಂಗ್‌ಕಾಂಗ್ ಬಂದರು ಯಾರಿಗೆ ಸೇರಬೇಕು ಎಂಬ ಜಗಳ ಶುರುವಾಯಿತು. ಮೂರು ವರ್ಷ ಎಂಟು ತಿಂಗಳು ಅದು ಜಪಾನಿಯರ ಕೈಯಲ್ಲಿತ್ತು. 1842ರಿಂದ ದ್ವೀಪ ನಮ್ಮದು ಎಂದರು ಬ್ರಿಟಿಷರು. ಅಫೀಮು ಯುದ್ಧ ಮಾಡಿ ಕಿತ್ತುಕೊಂಡದ್ದು ನಿಮ್ಮದು ಹೇಗಾಗುತ್ತದೆ ಎಂಬುದು ಚೀನಾದ ವಾದ. ಶರಣಾಗತಿಯನ್ನು ತಾನೇ ಸ್ವೀಕರಿಸಬೇಕೆಂದು ಚಿಯಾಂಗ್ ಕೈ-ಶೇಕ್ ಪಟ್ಟು ಹಿಡಿದರು. ಅಮೆರಿಕದ ಅಧ್ಯಕ್ಷ ಟ್ರೂಮನ್ ಬ್ರಿಟಿಷರ ಕಡೆ ನಿಂತರು. ಕೊನೆಗೆ ಸೆಪ್ಟೆಂಬರ್ 16ರಂದು ಬ್ರಿಟಿಷ್ ಅಡ್ಮಿರಲ್ ಹಾರ್ಕೋರ್ಟ್ ಎರಡೂ ದೇಶಗಳ ಪರವಾಗಿ ಶರಣಾಗತಿ ಪಡೆದರು. ಚೀನಾಕ್ಕೆ ಮರ್ಯಾದೆ ಸಿಕ್ಕಿತು, ಬಂದರು ಬ್ರಿಟಿಷರಿಗೆ ಸಿಕ್ಕಿತು!

ನನ್ನ ಮಟ್ಟಿಗೆ ಚೀನಾದ ವಾದವೇ ನ್ಯಾಯವಾದದ್ದು. ಆದರೆ ಈ ಇಬ್ಬರ ಜಗಳದಲ್ಲಿ ಊರಿನ ಜನರನ್ನು ಕೇಳಿದವರು ಯಾರು? ಆ ಊರಿಗಾಗಿ ಹೋರಾಡಿದ ಭಾರತೀಯ ಸೈನಿಕರ ನೆನಪೂ ಯಾರಿಗಿದೆ? ರಜಪೂತ ರೆಜಿಮೆಂಟಿನ ಕ್ಯಾಪ್ಟನ್ ಮತೀನ್ ಅಹಮದ್ ಅನ್ಸಾರಿ ಚಿತ್ರಹಿಂಸೆಗೂ ಬಗ್ಗದಿದ್ದಾಗ, 1943ರ ಅಕ್ಟೋಬರ್‌ನಲ್ಲಿ ಜಪಾನಿಯರು ಅವರ ತಲೆ ಕಡಿದರು.

ಕಾಮರ್ಸ್ ಓದುವ ನನಗೆ ಮರೆಯಲಾಗದ್ದು ದುಡ್ಡಿನ ಕಥೆ. ಜಪಾನಿಯರು ಜನರ ಹಾಂಗ್‌ಕಾಂಗ್ ಡಾಲರ್ ಕಸಿದು 'ಮಿಲಿಟರಿ ಯೆನ್' ಕೊಟ್ಟರು. ಮೊದಲು ಎರಡು ಡಾಲರಿಗೆ ಒಂದು ಯೆನ್, ಅದೇ ವರ್ಷ ನಾಲ್ಕಕ್ಕೆ ಒಂದು. ಯುದ್ಧ ಮುಗಿದ ಮೇಲೆ ಆ ಯೆನ್ ಬರೀ ಕಾಗದ. ಇನ್ನೊಂದು ಕಡೆ, ಜಪಾನಿಯರು ಬ್ಯಾಂಕಿನವರನ್ನು ಹೆದರಿಸಿ ಸಹಿ ಹಾಕಿಸಿ ಹೊರಬಿಟ್ಟ ಡಾಲರ್ ನೋಟುಗಳಿದ್ದವು. ಅವುಗಳ ಹಿಂದೆಯೂ ಠೇವಣಿ ಇರಲಿಲ್ಲ. ಆದರೂ 1946ರಲ್ಲಿ ಅವುಗಳಿಗೆ ಮಾನ್ಯತೆ ಸಿಕ್ಕಿತು. ಬಂದೂಕು ಒಂದೇ, ಒಂದು ನೋಟಿಗೆ ಬೆಲೆ ಇದೆ, ಇನ್ನೊಂದಕ್ಕೆ ಇಲ್ಲ. ಇದು ಯಾವ ಲೆಕ್ಕ?

ನಮ್ಮ ದಾದಿ ಟ್ರಂಕಿನಲ್ಲಿ ಮಡಚಿಟ್ಟಿದ್ದ ಎರಡು ಹಳೆಯ 500ರ ನೋಟುಗಳು 2016ರ ಗಡುವು ಮುಗಿದ ಮೇಲೆ ಸಿಕ್ಕವು. ಸಾವಿರ ರೂಪಾಯಿಗೇ ಅವರು ವಾರಗಟ್ಟಲೆ ಹಲುಬಿದರು. ಅಲ್ಲಿನವರದ್ದು ಇಡೀ ಬದುಕಿನ ಉಳಿತಾಯ.

ಬಂದರು ನಮ್ಮದು ಎಂದು ಹೇಳುವವರು ಅಲ್ಲಿನ ಸಾಲವೂ ನಮ್ಮದು ಎನ್ನಬೇಕು. ವ್ಯಾಪಾರ ಕೊಂಡವನಿಗೆ ಆಸ್ತಿಯ ಜೊತೆ ಹೊಣೆಯೂ ಬರುತ್ತದೆ ಎಂದು ಅಕೌಂಟೆನ್ಸಿ ಕ್ಲಾಸಿನಲ್ಲಿ ಕಲಿಯುತ್ತೇವಲ್ಲ! ಬ್ರಿಟನ್ 1951ರ ಸ್ಯಾನ್ ಫ್ರಾನ್ಸಿಸ್ಕೋ ಒಪ್ಪಂದದಲ್ಲಿ ಜಪಾನಿನ ಮೇಲಿನ ಹಕ್ಕು ಬಿಟ್ಟುಕೊಟ್ಟಿತು. 1997ರಲ್ಲಿ ಬಂದರು ಚೀನಾಕ್ಕೆ ಮರಳಿತು. ಯೆನ್ ನೋಟುಗಳನ್ನು ಜೋಪಾನವಾಗಿಟ್ಟುಕೊಂಡಿದ್ದ ಮುದುಕರ ದಾವೆಯನ್ನು 1999ರಲ್ಲಿ ಟೋಕಿಯೋ ನ್ಯಾಯಾಲಯ ವಜಾ ಮಾಡಿತು.